ಕಡಲ ತಳದ ಸುಳ್ಳು ಗುಡ್ಡಗಳು

ವಿದ್ಯಾರ್ಥಿಗಳೇ, ಬಾವಿಯ ಆಳ ತಿಳಿಯಬೇಕಾದರೆ ಹಗ್ಗಕ್ಕೆ ಕಲ್ಲು ಕಟ್ಟಿ ಇಳಿಸುತ್ತೇವೆ. ಹಿಂದಿನ ನಾವಿಕರು ಕಡಲಲ್ಲಿಯೂ ಹೀಗೆಯೇ ಭಾರ ಕಟ್ಟಿದ ಹಗ್ಗವನ್ನು ಇಳಿಬಿಡುತ್ತಿದ್ದರು. 1875ರಲ್ಲಿ ಬ್ರಿಟನ್ನಿನ ‘ಚಾಲೆಂಜರ್’ ಹಡಗು ಪೆಸಿಫಿಕ್ ಸಾಗರದ ಮರಿಯಾನಾ ಕಂದಕದಲ್ಲಿ 8 ಸಾವಿರ ಮೀಟರಿಗೂ ಮಿಕ್ಕಿದ ಆಳವನ್ನು ಹಗ್ಗದಿಂದಲೇ ಅಳೆಯಿತು. ಇಂದು ಆ ಕೆಲಸವನ್ನು ಸೋನಾರ್ ಎಂಬ ಉಪಕರಣ ಮಾಡುತ್ತದೆ.

ಒಂದು ಮಾತನ್ನು ಮೊದಲೇ ತಿಳಿದಿರಬೇಕು. ಸೋನಾರ್ ಆಳವನ್ನು ನೇರವಾಗಿ ಅಳೆಯುವುದಿಲ್ಲ. ಅದು ಅಳೆಯುವುದು ಕಾಲವನ್ನು. ಹಡಗಿನ ತಳದಿಂದ ಹೊರಟ ಧ್ವನಿ ಕಡಲ ತಳಕ್ಕೆ ಬಡಿದು ಪ್ರತಿಧ್ವನಿಯಾಗಿ ಮರಳುತ್ತದೆ. ಸಮುದ್ರದ ನೀರಿನಲ್ಲಿ ಧ್ವನಿಯ ವೇಗ ಸೆಕೆಂಡಿಗೆ ಸುಮಾರು 1500 ಮೀಟರ್. ಹೋಗಿ ಬರಲು 0.2 ಸೆಕೆಂಡು ಹಿಡಿದರೆ ಧ್ವನಿ ಕ್ರಮಿಸಿದ ದೂರ 300 ಮೀಟರ್. ಆಳ ಅದರ ಅರ್ಧ, 150 ಮೀಟರ್. ಈಗಿನ ಮಲ್ಟಿಬೀಮ್ ಸೋನಾರ್ ಒಂದೇ ಸಲಕ್ಕೆ ನೂರಾರು ಕಿರಣಗಳನ್ನು ಬೀಸಣಿಗೆಯಂತೆ ಎಡಕ್ಕೂ ಬಲಕ್ಕೂ ಹರಡಿ, ಅಗಲವಾದ ಪಟ್ಟಿಯೊಂದರ ಆಳವನ್ನು ಲೆಕ್ಕ ಹಾಕುತ್ತದೆ. ಧ್ವನಿಯ ವೇಗ, ಕಿರಣ ಹೊರಟ ಕೋನ, ಹಡಗಿನ ಓಲಾಟ, ಉಬ್ಬರವಿಳಿತ ಇವುಗಳಲ್ಲಿ ಯಾವೊಂದು ತಪ್ಪಿದರೂ ಇಲ್ಲದ ಗುಡ್ಡ ನಕಾಶೆಯಲ್ಲಿ ಏಳುತ್ತದೆ, ಇರುವ ಬಂಡೆ ಮುಳುಗಿಹೋಗುತ್ತದೆ.

ನಕಾಶೆ ತಪ್ಪಿದರೆ ಆಗುವುದೇನು? 1992ರ ಆಗಸ್ಟ್ 7ರಂದು ‘ಕ್ವೀನ್ ಎಲಿಜಬೆತ್ 2’ ಎಂಬ ದೊಡ್ಡ ಪ್ರಯಾಣಿಕ ಹಡಗು ಅಮೆರಿಕದ ಮ್ಯಾಸಚೂಸೆಟ್ಸ್ ತೀರದ ಬಳಿ ಬಂಡೆಗಳಿಗೆ ತಳ ಉಜ್ಜಿಕೊಂಡಿತು. ಆ ಸ್ಥಳದಲ್ಲಿ 39 ಅಡಿ ನೀರಿದೆಯೆಂದು ನಕಾಶೆ ಹೇಳುತ್ತಿತ್ತು. ಅದಕ್ಕೆ ಆಧಾರ 1939ರ ಅಳತೆ. ಬಂಡೆಗಳು ಅದಕ್ಕಿಂತ ಮೇಲಿದ್ದವು. ಸಾಲದೆಂಬಂತೆ, ಆಳ ಕಡಿಮೆಯಿರುವಲ್ಲಿ ವೇಗವಾಗಿ ಓಡುವ ಹಡಗು ನೀರಿನಲ್ಲಿ ಕೆಳಕ್ಕೆ ಕುಸಿಯುತ್ತದೆ. ಆ ಕುಸಿತವೂ ಎಣಿಸಿದ್ದಕ್ಕಿಂತ ಹೆಚ್ಚಾಗಿತ್ತು. ಪುಣ್ಯಕ್ಕೆ ಯಾರಿಗೂ ಗಾಯವಾಗಲಿಲ್ಲ.

ಹಾಗಾದರೆ ತಪ್ಪನ್ನು ಕಂಡುಹಿಡಿಯುವುದು ಹೇಗೆ? ಒಂದೊಂದು ದೋಷವೂ ನಕಾಶೆಯಲ್ಲಿ ತನ್ನದೇ ಆದ ಗುರುತು ಬಿಡುತ್ತದೆ.

1. ಹಡಗು ಎಡಬಲಕ್ಕೆ ಹೊರಳುವುದಕ್ಕೆ ರೋಲ್ ಎನ್ನುತ್ತಾರೆ. ಸೋನಾರನ್ನು ಹಡಗಿಗೆ ಜೋಡಿಸುವಾಗಲೇ ಅದು ಪಕ್ಕಕ್ಕೆ 1 ಡಿಗ್ರಿ ವಾಲಿದ್ದರೆ, 100 ಮೀಟರ್ ಆಳದಲ್ಲಿ ಹಡಗಿನ ನೇರ ಕೆಳಗೆ ತಪ್ಪು ಕೇವಲ ಒಂದೂವರೆ ಸೆಂಟಿಮೀಟರ್. ಆದರೆ 60 ಡಿಗ್ರಿ ಓರೆಯಾಗಿ ಹೋಗುವ ಕಿರಣ 173 ಮೀಟರ್ ಆಚೆ ತಳ ಮುಟ್ಟುತ್ತದೆ. ಅಲ್ಲಿ ತಪ್ಪು ಸುಮಾರು 3 ಮೀಟರ್! ಸಮತಟ್ಟಾದ ತಳ ಒಂದು ಪಕ್ಕ ಏರಿ, ಇನ್ನೊಂದು ಪಕ್ಕ ಇಳಿದಂತೆ ಕಾಣುತ್ತದೆ.

2. ಧ್ವನಿಯ ವೇಗ ಎಲ್ಲೆಡೆ ಒಂದೇ ಅಲ್ಲ. ನೀರು ಬಿಸಿಯಾದಷ್ಟೂ, ಉಪ್ಪು ಹೆಚ್ಚಿದಷ್ಟೂ, ಆಳದ ಒತ್ತಡ ಏರಿದಷ್ಟೂ ವೇಗ ಹೆಚ್ಚುತ್ತದೆ. ಪದರದಿಂದ ಪದರಕ್ಕೆ ವೇಗ ಬದಲಾದಾಗ ಓರೆ ಕಿರಣಗಳು ಬಾಗುತ್ತವೆ. ಈ ಲೆಕ್ಕ ತಪ್ಪಿದರೆ ಪಟ್ಟಿಯ ಎರಡೂ ಅಂಚುಗಳು ಒಟ್ಟಿಗೆ ಮೇಲೇಳುತ್ತವೆ, ಇಲ್ಲವೇ ಒಟ್ಟಿಗೆ ಕುಸಿಯುತ್ತವೆ. ನಕಾಶೆ ಬೋಗುಣಿಯಂತೆಯೋ ಕವುಚಿದ ಬೋಗುಣಿಯಂತೆಯೋ ಕಾಣುತ್ತದೆ.

3. ಅಲೆಯೊಡನೆ ಹಡಗು ಮೇಲೆ ಕೆಳಗೆ ಏರಿಳಿಯುತ್ತದೆ. ಇದನ್ನು ಕಳೆಯದಿದ್ದರೆ ಪಟ್ಟಿಯ ಇಡೀ ಅಗಲವೇ ಅಲೆಅಲೆಯಾಗುತ್ತದೆ. ನಡುಭಾಗ ಶಾಂತವಾಗಿದ್ದು ಅಂಚುಗಳು ಮಾತ್ರ ಕುಣಿಯುತ್ತಿದ್ದರೆ, ರೋಲ್ ಅಳೆಯುವ ಉಪಕರಣದ ಗಡಿಯಾರ ಸೋನಾರಿನ ಗಡಿಯಾರದೊಡನೆ ಹೊಂದುತ್ತಿಲ್ಲವೇನೋ ಎಂದು ಪರೀಕ್ಷಿಸಬೇಕು.

4. ಉಬ್ಬರವಿಳಿತದ ಲೆಕ್ಕ ತಪ್ಪಿದರೆ, ಬೆಳಿಗ್ಗೆ ಅಳೆದ ಪಟ್ಟಿಗೂ ಸಂಜೆ ಅಳೆದ ಪಟ್ಟಿಗೂ ನಡುವೆ ಮೆಟ್ಟಿಲು ಮೂಡುತ್ತದೆ.

ಗುರುತು ಕಂಡಾಕ್ಷಣ ತೀರ್ಮಾನ ಕೂಡದು. ಸಮೀಕ್ಷಕರು ಸಮತಟ್ಟಾದ ತಳದ ಮೇಲೆ ಒಂದೇ ದಾರಿಯಲ್ಲಿ ಹೋಗಿ, ಅದೇ ದಾರಿಯಲ್ಲಿ ಮರಳಿ ಬರುತ್ತಾರೆ. ಕಡಲ ತಳದ ಇಳಿಜಾರು ನಿಜವಾಗಿದ್ದರೆ ಹಡಗು ತಿರುಗಿದರೂ ಅದು ತಿರುಗುವುದಿಲ್ಲ. ಜೋಡಣೆಯ ತಪ್ಪಾದರೋ ಹಡಗಿನೊಡನೆಯೇ ತಿರುಗುತ್ತದೆ. ಎರಡು ಸಲದ ಚಿತ್ರಗಳನ್ನು ಒಂದರ ಮೇಲೊಂದಿಟ್ಟರೆ ಕತ್ತರಿಯ ಅಲಗುಗಳಂತೆ ಅಡ್ಡ ಹಾಯುತ್ತವೆ. ಹಡಗಿನ ಮೂತಿ ಏಳುವ ಬೀಳುವ ಓಲಾಟಕ್ಕೆ ಪಿಚ್ ಎಂದು ಹೆಸರು. ಆ ದಿಕ್ಕಿನಲ್ಲಿ ಜೋಡಣೆ ತಪ್ಪಿದೆಯೇ ಎಂದು ತಿಳಿಯಲು ಇದೇ ಹೋಗಿಬರುವ ಪರೀಕ್ಷೆಯನ್ನು ಇಳಿಜಾರಿನ ಮೇಲೆ ಮಾಡುತ್ತಾರೆ. ಗಡಿಯಾರದ ತಪ್ಪಿಗೆ, ಒಂದೇ ದಿಕ್ಕಿನಲ್ಲಿ ಎರಡು ಬೇರೆ ವೇಗಗಳಲ್ಲಿ ಓಡುತ್ತಾರೆ. ಒಂದು ಸಲಕ್ಕೆ ಒಂದನ್ನೇ ಬದಲಿಸುವುದು ಇಲ್ಲಿಯ ನಿಯಮ. ಎರಡನ್ನು ಒಟ್ಟಿಗೆ ಬದಲಿಸಿದರೆ ಯಾವುದರಿಂದ ಏನಾಯಿತೆಂದು ತಿಳಿಯುವ ಬಗೆಯಿಲ್ಲ.

ನಮ್ಮ ದೇಶದ ಕಡಲ ನಕಾಶೆಗಳನ್ನು ಡೆಹರಾಡೂನಿನ ರಾಷ್ಟ್ರೀಯ ಜಲಮಾಪನ ಕಚೇರಿ ಸಿದ್ಧಪಡಿಸುತ್ತದೆ. ನೌಕಾಪಡೆಯ ‘ಸಂಧಾಯಕ್’ ಎಂಬ ಸಮೀಕ್ಷಾ ಹಡಗು 2024ರ ಫೆಬ್ರವರಿಯಲ್ಲಿ ವಿಶಾಖಪಟ್ಟಣದಲ್ಲಿ ಸೇವೆಗೆ ಸೇರಿತು. ಭೌತಶಾಸ್ತ್ರ, ತ್ರಿಕೋಣಮಿತಿಗಳಲ್ಲಿ ಆಸಕ್ತಿಯುಳ್ಳ ಮಕ್ಕಳಿಗೆ ಈ ಕ್ಷೇತ್ರದಲ್ಲಿ ಬೇಕಾದಷ್ಟು ಕೆಲಸವಿದೆ ಎಂಬುದನ್ನು ತಂದೆತಾಯಿಗಳೂ ಗಮನಿಸಬೇಕು.

ಅಭ್ಯಾಸ

ಅ. ಆಳ 50 ಮೀಟರ್, ಕಿರಣದ ಓರೆ 60 ಡಿಗ್ರಿ, ಜೋಡಣೆಯ ತಪ್ಪು 1 ಡಿಗ್ರಿ. ಅಂಚಿನಲ್ಲಿ ಆಳದ ತಪ್ಪು ಎಷ್ಟು? (ಉತ್ತರ: ಸುಮಾರು 1.5 ಮೀಟರ್.)

ಆ. ಹೋಗುವಾಗಲೂ ಬರುವಾಗಲೂ ಒಂದೇ ಸ್ಥಳದಲ್ಲಿ, ಒಂದೇ ಎತ್ತರದ ಗುಡ್ಡ ಕಂಡಿತು. ಅದನ್ನು ದೋಷವೆಂದು ಅಳಿಸಬಹುದೇ? (ಉತ್ತರ: ಕೂಡದು. ಇಲ್ಲದ ಗುಡ್ಡವನ್ನು ಉಳಿಸಿದರೆ ಹಡಗು ಸುತ್ತುಬಳಸಿ ಹೋದೀತು. ಇರುವ ಗುಡ್ಡವನ್ನು ಅಳಿಸಿದರೆ ಹಡಗೇ ಉಳಿಯದು.)