ನೆರವಿನ ಹಣ ಬರುವ ಖಾತೆ: ಯಾರಿಗೆ ಏನು ಕಾಣುತ್ತದೆ, ನೀವು ಏನು ಮಾಡಬೇಕು

ಗೃಹಲಕ್ಷ್ಮಿ ಹಣ ಬರುವ ಖಾತೆಯಲ್ಲಿ ಮಗಳ ಮದುವೆಗೆಂದು ಒಂದಿಷ್ಟು ಉಳಿಸಿಟ್ಟರೆ ಸರ್ಕಾರಕ್ಕೆ ಗೊತ್ತಾಗಿ ಕಂತು ನಿಂತುಹೋಗುತ್ತದೆಯೇ? ಗ್ರಾಮ ಒನ್ ಕೇಂದ್ರದಲ್ಲಿ, ಬ್ಯಾಂಕಿನ ಸಾಲಿನಲ್ಲಿ, ಸ್ವಸಹಾಯ ಸಂಘದ ಸಭೆಯಲ್ಲಿ ಹೆಂಗಸರು ಕೇಳುವ ಪ್ರಶ್ನೆ ಇದು. ಈ ಭಯಕ್ಕೇ ಹಣ ಜಮಾ ಆದ ದಿನವೇ ಅಷ್ಟನ್ನೂ ತೆಗೆದು ಅಕ್ಕಿ ಡಬ್ಬದಲ್ಲಿಡುವವರಿದ್ದಾರೆ. ಊರಿನ ಚೀಟಿಗೆ ಹಾಕಿ ಕಳೆದುಕೊಂಡವರೂ ಇದ್ದಾರೆ.

ಇಲ್ಲ, ಉಳಿತಾಯ ಇದೆ ಎಂಬ ಕಾರಣಕ್ಕೆ ಗೃಹಲಕ್ಷ್ಮಿ ನಿಲ್ಲುವುದಿಲ್ಲ. ಆ ಯೋಜನೆಗೆ ಖಾತೆಯಲ್ಲಿ ಇಷ್ಟೇ ಹಣವಿರಬೇಕೆಂಬ ಷರತ್ತಿಲ್ಲ. ಮನೆಯ ಯಜಮಾನಿಯಾಗಲಿ ಆಕೆಯ ಪತಿಯಾಗಲಿ ಆದಾಯ ತೆರಿಗೆ ಕಟ್ಟುವವರೋ ಜಿಎಸ್‌ಟಿ ರಿಟರ್ನ್ಸ್ ಸಲ್ಲಿಸುವವರೋ ಆಗಿದ್ದರೆ ಮಾತ್ರ ತಿಂಗಳ 2,000 ರೂಪಾಯಿ ಸಿಗದು. ಪಿಎಂ ಕಿಸಾನ್‌ಗೂ ಆದಾಯ ತೆರಿಗೆ ಕಟ್ಟುವವರು ಅನರ್ಹರು. ಅಂದರೆ ಕಂತು ನಿಲ್ಲುವುದು ಪಾಸ್‌ಬುಕ್ ನೋಡಿ ಅಲ್ಲ, ಬೇರೆ ಬೇರೆ ಇಲಾಖೆಗಳ ಪಟ್ಟಿಗಳನ್ನು ಒಂದರ ಮೇಲೊಂದು ಇಟ್ಟು ಹೋಲಿಸಿದಾಗ. ಆ ಪಟ್ಟಿಯಲ್ಲಿ ತಪ್ಪಿದ್ದರೆ ಏಟು ಬೀಳುವುದು ತಪ್ಪು ಮಾಡದವರಿಗೆ. ಹಾಗಾಗಿ ಖಾತೆ ಬರಿದು ಮಾಡುವುದರಿಂದ ಪ್ರಯೋಜನವಿಲ್ಲ. ನಿಮ್ಮ ಹೆಸರಿನಲ್ಲಿ ಎಲ್ಲೆಲ್ಲಿ ಏನೇನು ದಾಖಲಾಗಿದೆ ಎಂದು ನೀವೇ ತಿಳಿದುಕೊಳ್ಳಬೇಕು.

ಸರ್ಕಾರಕ್ಕೆ ಏನು ಕಾಣುತ್ತದೆ

ಕಂತು ಯಾವ ಖಾತೆಗೆ ಹೋಯಿತು, ಜಮಾ ಆಯಿತೋ ವಾಪಸ್ ಬಂತೋ ಎಂಬುದು ಹಣ ಕಳಿಸುವ ಇಲಾಖೆಗೆ ತಿಳಿಯುತ್ತದೆ. ಆಮೇಲೆ ಆ ಹಣವನ್ನು ನೀವು ಯಾವಾಗ ತೆಗೆದಿರಿ, ಯಾರಿಗೆ ಕೊಟ್ಟಿರಿ, ಇನ್ನೆಷ್ಟು ಉಳಿದಿದೆ ಎಂಬುದು ಬ್ಯಾಂಕಿನ ಲೆಕ್ಕದಲ್ಲೇ ಇರುತ್ತದೆ. ಆಧಾರ್ ನೀಡುವ ಯುಐಡಿಎಐ ಬಳಿ ನಿಮ್ಮ ಬ್ಯಾಂಕ್ ಖಾತೆಯ ವಿವರವಿಲ್ಲ. ಆಧಾರ್ ಸಂಖ್ಯೆ ಯಾವ ಬ್ಯಾಂಕಿಗೆ ಜೋಡಣೆಯಾಗಿದೆ ಎಂಬ ನಕ್ಷೆ ಇರುವುದು ಬ್ಯಾಂಕುಗಳ ನಡುವಿನ ಪಾವತಿ ಜಾಲ ನಡೆಸುವ ಎನ್‌ಪಿಸಿಐ ಬಳಿ. ಅದರಲ್ಲೂ ಬ್ಯಾಂಕಿನ ಗುರುತು ಸಂಖ್ಯೆ ಇರುತ್ತದೆಯೇ ಹೊರತು ಬಾಕಿ ಎಷ್ಟೆಂಬುದು ಇರುವುದಿಲ್ಲ.

ಮಾಹಿತಿ ಹೋಗುವ ದಾರಿ ತೆರಿಗೆ ಇಲಾಖೆಯದು. ಉಳಿತಾಯ ಖಾತೆಗೆ ಒಂದು ಹಣಕಾಸು ವರ್ಷದಲ್ಲಿ ಒಟ್ಟು 10 ಲಕ್ಷ ರೂಪಾಯಿ ಅಥವಾ ಅದಕ್ಕಿಂತ ಹೆಚ್ಚು ನಗದು ತುಂಬಿದರೆ ಬ್ಯಾಂಕು ಆದಾಯ ತೆರಿಗೆ ಇಲಾಖೆಗೆ ವರದಿ ಮಾಡಲೇಬೇಕು. ನಿಶ್ಚಿತ ಠೇವಣಿಗೂ ಇದೇ ಮಿತಿ. ಬಡ್ಡಿಯ ವಿವರವೂ ಹೋಗುತ್ತದೆ. ಯುಪಿಐ ಲೆಕ್ಕ ಎಲ್ಲಿಗೆ ಮುಟ್ಟಬಹುದೆಂದು 2025ರ ಜುಲೈನಲ್ಲಿ ರಾಜ್ಯದ ಸಣ್ಣ ವ್ಯಾಪಾರಿಗಳಿಗೆ ಅರಿವಾಯಿತು. ವಾಣಿಜ್ಯ ತೆರಿಗೆ ಇಲಾಖೆ ಯುಪಿಐ ವಹಿವಾಟು ಆಧರಿಸಿ ನೋಟಿಸು ಕಳಿಸಿದ ಮೇಲೆ ಬೆಂಗಳೂರಿನ ಬೇಕರಿ, ತರಕಾರಿ ಅಂಗಡಿಗಳ ಮುಂದೆ ‘ನಗದು ಮಾತ್ರ’ ಎಂಬ ಚೀಟಿಗಳು ಕಾಣಿಸಿಕೊಂಡವು.

ಕಾನೂನು ನಿಮ್ಮ ಪರ ಎಷ್ಟಿದೆ

ಬ್ಯಾಂಕಿಗೆ ಒಪ್ಪಿಸಿದ ದಾಖಲೆಗಳ ಗುಟ್ಟು ಗ್ರಾಹಕನದೇ ಎಂದು ಸುಪ್ರೀಂ ಕೋರ್ಟ್ ಹೇಳಿದ್ದು 2004ರಲ್ಲಿ. ಆ ಮೊಕದ್ದಮೆಯಲ್ಲಿ ಗ್ರಾಹಕರ ಪರ ನಿಂತ ಕಕ್ಷಿ, ಮಂಗಳೂರಿನಲ್ಲಿ ಹುಟ್ಟಿದ ಕೆನರಾ ಬ್ಯಾಂಕ್. ಬ್ಯಾಂಕಿನಲ್ಲಿರುವ ದಾಖಲೆಗಳನ್ನು ಜಿಲ್ಲಾಧಿಕಾರಿ ಅಧಿಕಾರ ಕೊಟ್ಟ ಯಾರು ಬೇಕಾದರೂ ಪರಿಶೀಲಿಸಿ ವಶಕ್ಕೆ ತೆಗೆದುಕೊಳ್ಳಬಹುದೆಂದು ಆಂಧ್ರಪ್ರದೇಶ ಮುದ್ರಾಂಕ ಕಾಯ್ದೆಗೆ ಮಾಡಿಕೊಂಡಿದ್ದ ತಿದ್ದುಪಡಿಯನ್ನು ಕೋರ್ಟ್ ಒಪ್ಪಲಿಲ್ಲ. ಖಾಸಗಿತನ ಮೂಲಭೂತ ಹಕ್ಕು ಎಂದು ಒಂಬತ್ತು ನ್ಯಾಯಮೂರ್ತಿಗಳ ಪೀಠ 2017ರ ಆಗಸ್ಟ್ 24ರಂದು ಸಾರಿತು. ಅದರ ಅರ್ಜಿದಾರರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. 2018ರ ಸೆಪ್ಟೆಂಬರ್‌ನಲ್ಲಿ ಬಂದ ಆಧಾರ್ ತೀರ್ಪು ಎಲ್ಲ ಬ್ಯಾಂಕ್ ಖಾತೆಗೂ ಆಧಾರ್ ಜೋಡಿಸಲೇಬೇಕೆಂಬ ನಿಯಮವನ್ನು ರದ್ದು ಮಾಡಿತು. ಆದರೆ ಸರ್ಕಾರದ ಸಹಾಯಧನ ಪಡೆಯುವವರಿಂದ ಆಧಾರ್ ಕೇಳಬಹುದೆಂಬ ಭಾಗವನ್ನು ಎತ್ತಿಹಿಡಿಯಿತು.

2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯೂ ಇದೇ ಜಾಡಿನದು. ಸವಲತ್ತು ಕೊಡಲು ಸರ್ಕಾರ ನಿಮ್ಮ ದತ್ತಾಂಶ ಬಳಸುವಾಗ ಪ್ರತಿ ಸಲ ಒಪ್ಪಿಗೆ ಕೇಳಬೇಕಿಲ್ಲ. ಅದರ ನಿಯಮಗಳು ಹೊರಬಿದ್ದದ್ದು 2025ರ ನವೆಂಬರ್‌ನಲ್ಲಿ. ಮುಖ್ಯ ಭಾಗಗಳು ಜಾರಿಗೆ ಬರಲು ಅಲ್ಲಿಂದ 18 ತಿಂಗಳ ಅವಧಿ ಇಟ್ಟಿದ್ದಾರೆ. ಉಳ್ಳವರು ಬೇಡವೆನ್ನಬಹುದಾದದ್ದನ್ನು ಇಲ್ಲದವರು ಕೊಡಲೇಬೇಕು ಎಂಬ ಈ ಏರ್ಪಾಟು ನನಗೆ ನ್ಯಾಯವೆನಿಸುವುದಿಲ್ಲ. ಬೇರೆ ದೇಶಗಳು ಇನ್ನೂ ಮುಂದೆ ಹೋಗಿವೆ. ಬ್ರಿಟನ್ನಿನಲ್ಲಿ 2025ರ ಡಿಸೆಂಬರ್‌ನಲ್ಲಿ ಅಂಗೀಕಾರವಾದ ಕಾನೂನು, ಯೂನಿವರ್ಸಲ್ ಕ್ರೆಡಿಟ್ ಮುಂತಾದ ನೆರವಿನ ಹಣ ಬರುವ ಖಾತೆಗಳನ್ನು ಬ್ಯಾಂಕುಗಳೇ ಜರಡಿ ಹಿಡಿದು, ಅನರ್ಹತೆಯ ಸುಳಿವು ಕಂಡವರ ವಿವರ ಒಪ್ಪಿಸುವಂತೆ ಮಾಡಿದೆ. ಅಲ್ಲಿ ಆ ನೆರವಿಗೆ 16,000 ಪೌಂಡ್ ಉಳಿತಾಯದ ಮಿತಿ ಇದೆ. ಅಲ್ಲಿರುವ ಬಂಧುಗಳು ಕಳಿಸುವ ಸುದ್ದಿ ಕೇಳಿ ನಮ್ಮಲ್ಲೂ ಹಾಗೇ ಎಂದು ಗಾಬರಿಯಾಗಬೇಡಿ. ಇಲ್ಲಿ ಆ ಬಗೆಯ ಕಾನೂನಿಲ್ಲ.

ಇನ್ನು ಮಾಡಬೇಕಾದ ಕೆಲಸಗಳು.

ಒಂದು: ಹಣ ಯಾವ ಬ್ಯಾಂಕಿಗೆ ಹೋಗುತ್ತಿದೆ, ನೋಡಿ

ನಿಮಗೆ ನಾಲ್ಕು ಖಾತೆಗಳಿದ್ದರೂ ನೇರ ನಗದು ವರ್ಗಾವಣೆಗೆ ಜೋಡಣೆಯಾಗಿರುವುದು ಒಂದೇ ಬ್ಯಾಂಕ್. ಕೊನೆಯದಾಗಿ ಎಲ್ಲಿ ಒಪ್ಪಿಗೆ ಕೊಟ್ಟಿರೋ ಅದು. ಮೈಆಧಾರ್ ಜಾಲತಾಣದಲ್ಲಿ ಆಧಾರ್ ಸಂಖ್ಯೆ ಮತ್ತು ಒಟಿಪಿ ಹಾಕಿ ಒಳಹೋದರೆ ‘ಬ್ಯಾಂಕ್ ಸೀಡಿಂಗ್ ಸ್ಟೇಟಸ್’ ಎಂಬಲ್ಲಿ ಬ್ಯಾಂಕಿನ ಹೆಸರು ಮತ್ತು ಜೋಡಣೆಯಾದ ದಿನಾಂಕ ಕಾಣುತ್ತದೆ. ಕೀಪ್ಯಾಡ್ ಫೋನ್ ಇದ್ದವರು *99*99*1# ಒತ್ತಿ ನೋಡಬಹುದು. ಕಂತುಗಳ ಲೆಕ್ಕಕ್ಕೆ ಡಿಬಿಟಿ ಕರ್ನಾಟಕ ಆ್ಯಪ್ ಇದೆ.

ನೀವು ಕೇಳರಿಯದ ಬ್ಯಾಂಕಿನ ಹೆಸರು ಬಂದರೆ ಸುಮ್ಮನಿರಬೇಡಿ. 2017ರಲ್ಲಿ ಏರ್‌ಟೆಲ್ ಸಿಮ್‌ಗೆ ಆಧಾರ್ ದೃಢೀಕರಿಸಲು ಹೋದ ಎಷ್ಟೋ ಜನರ ಹೆಸರಿನಲ್ಲಿ ಅವರಿಗೆ ತಿಳಿಯದಂತೆ ಪೇಮೆಂಟ್ಸ್ ಬ್ಯಾಂಕ್ ಖಾತೆ ತೆರೆದು, ಗ್ಯಾಸ್ ಸಬ್ಸಿಡಿ ಅಲ್ಲಿಗೆ ಹೋಗಿತ್ತು. ಯುಐಡಿಎಐ ಆ ಕಂಪನಿಯ ಆಧಾರ್ ಇಕೆವೈಸಿ ಪರವಾನಗಿಯನ್ನೇ ಅಮಾನತು ಮಾಡಿತು. ಬದಲಾಯಿಸಬೇಕಾದರೆ ನಿಮಗೆ ಬೇಕಾದ ಬ್ಯಾಂಕ್ ಶಾಖೆಗೆ ಹೋಗಿ ಆಧಾರ್ ಸೀಡಿಂಗ್ ಒಪ್ಪಿಗೆ ಪತ್ರ ಬರೆದುಕೊಡಿ. ಖಾತೆಗೆ ಆಧಾರ್ ಲಿಂಕ್ ಆಗಿದ್ದರಷ್ಟೇ ಸಾಲದು, ಎನ್‌ಪಿಸಿಐ ಮ್ಯಾಪಿಂಗ್ ಆಗಬೇಕೆಂದು ಬಾಯಿಬಿಟ್ಟು ಕೇಳಿ. ಎರಡನ್ನೂ ಒಂದೇ ಎಂದುಕೊಂಡು ತಿಂಗಳುಗಟ್ಟಲೆ ಕಾಯುವವರು ಬಹಳ.

ಎರಡು: ನೆರವಿಗೊಂದು ಖಾತೆ, ಉಳಿತಾಯಕ್ಕೊಂದು

ಸರ್ಕಾರದ ಹಣಕ್ಕೆ ಜನಧನದಂಥ ಶೂನ್ಯ ಬಾಕಿಯ ಖಾತೆಯನ್ನೋ ಅಂಚೆ ಪೇಮೆಂಟ್ಸ್ ಬ್ಯಾಂಕ್ ಖಾತೆಯನ್ನೋ ಇಟ್ಟುಕೊಂಡು, ದುಡಿದ ಹಣವನ್ನು ಬೇರೆ ಬ್ಯಾಂಕಿನಲ್ಲಿಡಿ. ಇದರಲ್ಲಿ ಮುಚ್ಚಿಡುವುದೇನೂ ಇಲ್ಲ. ಹೆಬ್ಬೆಟ್ಟಿನಿಂದ ಹಣ ತೆಗೆಯುವ ಎಇಪಿಎಸ್ ವ್ಯವಸ್ಥೆ ಆಧಾರ್ ಜೋಡಿಸಿದ ಖಾತೆಗಳಿಗೆ ಮಾತ್ರ ತಲುಪುತ್ತದೆ. ಉಳಿತಾಯದ ಖಾತೆಯಲ್ಲಿ ಎಇಪಿಎಸ್ ಸೌಲಭ್ಯ ಬೇಡವೆಂದು ಬ್ಯಾಂಕಿಗೆ ಬರೆದುಕೊಡಿ. ಸಾಲ ಬಾಕಿ ಇರುವ ಬ್ಯಾಂಕಿನಲ್ಲಿ ನೆರವಿನ ಖಾತೆ ಇಡದಿರುವುದು ಒಳ್ಳೆಯದೆಂಬುದು ನನ್ನ ಸಲಹೆ. 2024ರಲ್ಲಿ ರೈತರ ಬರ ಪರಿಹಾರವನ್ನು ಕೆಲವು ಶಾಖೆಗಳು ಹಳೆ ಸಾಲಕ್ಕೆ ಜಮಾ ಮಾಡಿಕೊಂಡ ದೂರುಗಳು ಬಂದು, ಹಾಗೆ ಮಾಡಬಾರದೆಂದು ಸರ್ಕಾರವೇ ಬ್ಯಾಂಕುಗಳಿಗೆ ಸೂಚಿಸಬೇಕಾಯಿತು.

ಮೂರು: ನಿಮ್ಮ ಪ್ಯಾನ್ ಮೇಲೆ ಏನಿದೆ, ಪರೀಕ್ಷಿಸಿ

ಎಲ್ಲಕ್ಕಿಂತ ಮುಖ್ಯವಾದದ್ದು ಇದು. ಜನ ಮಾಡದೇ ಬಿಡುವುದೂ ಇದನ್ನೇ.

ಆದಾಯ ತೆರಿಗೆ ಜಾಲತಾಣದಲ್ಲಿ ವಾರ್ಷಿಕ ಮಾಹಿತಿ ವಿವರ, ಅಂದರೆ ಎಐಎಸ್ ಎಂಬ ಪಟ್ಟಿ ಸಿಗುತ್ತದೆ. ನಿಮ್ಮ ಪ್ಯಾನ್ ಅಡಿ ಬ್ಯಾಂಕುಗಳು, ನೋಂದಣಿ ಕಚೇರಿಗಳು, ಕಂಪನಿಗಳು ಕಳಿಸಿದ ಎಲ್ಲ ವಿವರ ಅದರಲ್ಲಿ ಇರುತ್ತದೆ. ಗಂಡ–ಹೆಂಡತಿ ಇಬ್ಬರದ್ದೂ ತೆಗೆಸಿ. ನಿಮಗೆ ಸಂಬಂಧವೇ ಇಲ್ಲದ ಠೇವಣಿಯೋ ಮಾರಾಟವೋ ಕಂಡರೆ ಅದರ ಎದುರೇ ‘ಇದು ನನ್ನದಲ್ಲ’ ಎಂದು ಆಕ್ಷೇಪ ದಾಖಲಿಸಬಹುದು. ಆಮೇಲೆ ಜಿಎಸ್‌ಟಿ ಜಾಲತಾಣದಲ್ಲಿ ಪ್ಯಾನ್ ಸಂಖ್ಯೆ ಹಾಕಿ ಹುಡುಕಿ. ಕಂಡರಿಯದ ಅಂಗಡಿಯೊಂದು ನಿಮ್ಮ ಪ್ಯಾನ್ ಮೇಲೆ ನೋಂದಣಿಯಾಗಿದ್ದರೆ ಸ್ಕ್ರೀನ್‌ಶಾಟ್ ತೆಗೆದುಕೊಂಡು ವಾಣಿಜ್ಯ ತೆರಿಗೆ ಕಚೇರಿಗೂ ಪೊಲೀಸರಿಗೂ ಲಿಖಿತ ದೂರು ಕೊಡಿ.

ಟ್ರ್ಯಾಕ್ಟರ್ ಸಾಲಕ್ಕೋ ಮನೆ ಸಾಲಕ್ಕೋ ಬೇಕೆಂದು ಮಧ್ಯವರ್ತಿಯಿಂದ ರಿಟರ್ನ್ಸ್ ಹಾಕಿಸುವುದು ಹಳ್ಳಿಗಳಲ್ಲೂ ಈಗ ಮಾಮೂಲು. ಸಾಲ ಸಿಗಲೆಂದು ಆತ ಆದಾಯ ಉಬ್ಬಿಸಿ ಬರೆದಿದ್ದರೆ ಪಡಿತರ ಚೀಟಿಗೆ ಕುತ್ತು ಬರುತ್ತದೆ, ಏಕೆಂದರೆ ನಮ್ಮಲ್ಲಿ ಬಿಪಿಎಲ್ ಕಾರ್ಡಿಗೆ ವಾರ್ಷಿಕ ಆದಾಯದ ಮಿತಿ 1.20 ಲಕ್ಷ ರೂಪಾಯಿ. ಸಂಬಳದಲ್ಲಿ ಟಿಡಿಎಸ್ ಕಡಿತವಾಗಿ ನಂತರ ಪೂರ್ತಿ ವಾಪಸ್ ಬಂದವರು, ಶೂನ್ಯ ತೆರಿಗೆಯ ರಿಟರ್ನ್ಸ್ ಹಾಕಿದವರು ಅದರ ಸ್ವೀಕೃತಿ ಮತ್ತು ರಿಫಂಡ್ ಪತ್ರವನ್ನು ಜೋಪಾನ ಮಾಡಿ. ತೆರಿಗೆ ಕಟ್ಟುವುದು ಬೇರೆ, ರಿಟರ್ನ್ಸ್ ಸಲ್ಲಿಸುವುದು ಬೇರೆ ಎಂದು ಕಚೇರಿಯಲ್ಲಿ ತೋರಿಸಲು ನಿಮ್ಮ ಬಳಿ ಇರುವ ಪುರಾವೆ ಅದೇ.

ಪಟ್ಟಿಗಳ ಹೋಲಿಕೆ ಎಷ್ಟು ಎಡವಬಹುದೆಂಬುದಕ್ಕೆ ಪಕ್ಕದ ತೆಲಂಗಾಣವನ್ನು ನೋಡಿ. ಅಲ್ಲಿ ಸಮಗ್ರ ವೇದಿಕ ಎಂಬ ಕಂಪ್ಯೂಟರ್ ವ್ಯವಸ್ಥೆ, ಹೆಸರು ಹೋಲುತ್ತದೆಂಬ ಕಾರಣಕ್ಕೆ ಸೈಕಲ್ ರಿಕ್ಷಾ ತುಳಿಯುವವರೊಬ್ಬರನ್ನು ಕಾರಿನ ಮಾಲೀಕರೆಂದು ಗುರುತಿಸಿತ್ತು. ಕಾನೂನು ಹೋರಾಟ ನಡೆದು, ರದ್ದಾದ ಪಡಿತರ ಚೀಟಿಗಳನ್ನು ಮನೆಮನೆಗೆ ಹೋಗಿ ಮರುಪರಿಶೀಲಿಸಲು 2022ರಲ್ಲಿ ಸುಪ್ರೀಂ ಕೋರ್ಟ್ ಆದೇಶಿಸಿತು. ನಮ್ಮಲ್ಲೂ ಕುಟುಂಬ ಐಡಿ ಹೆಸರಿನಲ್ಲಿ ಮನೆಯವರೆಲ್ಲರ ವಿವರ ಒಂದೆಡೆ ಸೇರಿದೆ. 2024ರ ನವೆಂಬರ್‌ನಲ್ಲಿ ಬಿಪಿಎಲ್ ಕಾರ್ಡ್ ರದ್ದತಿಗೆ ಜನ ಸಿಡಿದೆದ್ದಾಗ, ತೆರಿಗೆ ಕಟ್ಟುವವರು ಮತ್ತು ಸರ್ಕಾರಿ ನೌಕರರನ್ನು ಬಿಟ್ಟು ಉಳಿದವರ ಕಾರ್ಡ್ ಮರಳಿಸುವುದಾಗಿ ಸರ್ಕಾರ ಹೇಳಬೇಕಾಯಿತು.

ನಾಲ್ಕು: ಹೆಬ್ಬೆಟ್ಟಿಗೆ ಬೀಗ

ಖಾತೆಯ ಮೇಲೆ ಕಣ್ಣಿಟ್ಟವರಲ್ಲಿ ಕಳ್ಳರೂ ಇದ್ದಾರೆ. ನೋಂದಣಿ ಇಲಾಖೆಯ ಕಾವೇರಿ ಜಾಲತಾಣದ ಕ್ರಯಪತ್ರಗಳಿಂದ ಬೆರಳಚ್ಚು ಕದ್ದು, ಅದರ ನಕಲು ಮಾಡಿ ಎಇಪಿಎಸ್ ಮೂಲಕ ಹಣ ಎಗರಿಸಿದ ಪ್ರಕರಣಗಳು 2023ರಲ್ಲಿ ಕರಾವಳಿಯಲ್ಲೂ ಬೆಂಗಳೂರಿನಲ್ಲೂ ಬಯಲಾದವು. ಇಂಥ ಕಳ್ಳತನಕ್ಕೆ ಒಟಿಪಿ ಬೇಕಿಲ್ಲ, ಪಿನ್ ಬೇಕಿಲ್ಲ.

ಎಂಆಧಾರ್ ಆ್ಯಪ್‌ನಲ್ಲಿ ‘ಬಯೋಮೆಟ್ರಿಕ್ ಲಾಕ್’ ಆಯ್ಕೆ ಮಾಡಿದರೆ ನಿಮ್ಮ ಬೆರಳಚ್ಚು ಎಲ್ಲೂ ಒಪ್ಪಿಗೆಯಾಗುವುದಿಲ್ಲ. ಇಲ್ಲಿ ಒಂದು ಎಚ್ಚರಿಕೆ: ನ್ಯಾಯಬೆಲೆ ಅಂಗಡಿಯಲ್ಲಿ ರೇಷನ್‌ಗೂ ಹೆಬ್ಬೆಟ್ಟು ಬೇಕು. ಅಂಗಡಿಗೆ ಹೋದಾಗ ತಾತ್ಕಾಲಿಕವಾಗಿ ಬೀಗ ತೆಗೆಯಿರಿ, ಸ್ವಲ್ಪ ಹೊತ್ತಿನಲ್ಲಿ ಅದು ತಾನೇ ಬೀಳುತ್ತದೆ. ಆಧಾರ್‌ಗೆ ಕೊಟ್ಟ ಮೊಬೈಲ್ ಸಂಖ್ಯೆ ಚಾಲ್ತಿಯಲ್ಲಿಲ್ಲದಿದ್ದರೆ ಮೊದಲು ಆಧಾರ್ ಕೇಂದ್ರದಲ್ಲಿ ಅದನ್ನು ಸರಿಪಡಿಸಿಕೊಳ್ಳಿ. ನಿಮ್ಮ ಆಧಾರ್ ಎಲ್ಲೆಲ್ಲಿ ಬಳಕೆಯಾಗಿದೆ ಎಂಬ ಕಳೆದ ಆರು ತಿಂಗಳ ಪಟ್ಟಿಯೂ ಮೈಆಧಾರ್‌ನಲ್ಲಿ ಸಿಗುತ್ತದೆ. ಜೆರಾಕ್ಸ್ ಕೇಳಿದಲ್ಲಿ ಕೊನೆಯ ನಾಲ್ಕು ಅಂಕಿ ಮಾತ್ರ ಕಾಣುವ ಮಾಸ್ಕ್ಡ್ ಆಧಾರ್ ಸಾಕಾಗುತ್ತದೆಯೇ ಎಂದು ಮೊದಲು ವಿಚಾರಿಸಿ.

ಹಣ ಹೋಗಿದ್ದರೆ ಕೂಡಲೇ 1930ಕ್ಕೆ ಕರೆ ಮಾಡಿ, ಬ್ಯಾಂಕಿಗೆ ಲಿಖಿತವಾಗಿ ತಿಳಿಸಿ. ನಿಮ್ಮ ತಪ್ಪಾಗಲಿ ಬ್ಯಾಂಕಿನ ತಪ್ಪಾಗಲಿ ಇಲ್ಲದೆ ಹಣ ಹೋಗಿ, ಮೂರು ಕೆಲಸದ ದಿನಗಳೊಳಗೆ ದೂರು ಕೊಟ್ಟಿದ್ದರೆ ನಷ್ಟ ನಿಮ್ಮದಲ್ಲ ಎಂದು ರಿಸರ್ವ್ ಬ್ಯಾಂಕ್ 2017ರಲ್ಲೇ ನಿಯಮ ಮಾಡಿದೆ. ಬ್ಯಾಂಕು 30 ದಿನಗಳಲ್ಲಿ ಸ್ಪಂದಿಸದಿದ್ದರೆ ರಿಸರ್ವ್ ಬ್ಯಾಂಕ್ ಒಂಬುಡ್ಸ್‌ಮನ್‌ಗೆ ಶುಲ್ಕವಿಲ್ಲದೆ ದೂರಬಹುದು. ಸಹಾಯವಾಣಿ 14448.

ಐದು: ಮನೆಯೊಳಗಿನ ಗುಟ್ಟು

ಖಾತೆ ಹೆಂಡತಿಯದು, ಅದಕ್ಕೆ ಕೊಟ್ಟ ಫೋನ್ ಸಂಖ್ಯೆ ಗಂಡನದು, ಎಟಿಎಂ ಕಾರ್ಡ್ ಮಗನ ಜೇಬಿನಲ್ಲಿ, ಪಿನ್ ಕಾರ್ಡಿನ ಹಿಂದೆಯೇ ಬರೆದಿರುತ್ತದೆ. ಸರ್ಕಾರ ಇಣುಕುತ್ತದೆಯೋ ಇಲ್ಲವೋ, ಇಂಥ ಮನೆಯಲ್ಲಿ ಆಕೆಗೆ ತನ್ನ ಹಣದ ಮೇಲೆ ಹಿಡಿತವಿಲ್ಲ. ಶಾಖೆಗೆ ಖುದ್ದಾಗಿ ಹೋಗಿ ಸ್ವಂತ ಸಂಖ್ಯೆ ಬರೆಸಿ, ಹೊಸ ಪಿನ್ ಮಾಡಿಕೊಳ್ಳಿ, ಪಾಸ್‌ಬುಕ್‌ಗೆ ಪ್ರತಿ ತಿಂಗಳು ಎಂಟ್ರಿ ಹಾಕಿಸಿ. ಬ್ಯಾಂಕ್ ಮಿತ್ರರ ಬಳಿ ಹೆಬ್ಬೆಟ್ಟು ಒತ್ತಿದರೆ ರಸೀದಿ ಪಡೆಯದೆ ಏಳಬೇಡಿ. ‘ಸರ್ವರ್ ಇಲ್ಲ, ಮತ್ತೊಮ್ಮೆ ಒತ್ತಿ’ ಎಂದರೆ ಮೊದಲನೆಯದು ಏನಾಯಿತೆಂದು ಕೇಳಿದ ಮೇಲೆಯೇ ಒತ್ತಿ.

ಆರು: ಕಂತು ನಿಂತರೆ

ಮೊದಲು ಮ್ಯಾಪಿಂಗ್ ನೋಡಿ. ಅದು ಸರಿಯಿದ್ದರೆ ಗೃಹಲಕ್ಷ್ಮಿಗೆ ತಾಲ್ಲೂಕಿನ ಶಿಶು ಅಭಿವೃದ್ಧಿ ಯೋಜನಾಧಿಕಾರಿ (ಸಿಡಿಪಿಒ) ಕಚೇರಿಗೆ, ಪಡಿತರ ಚೀಟಿಗೆ ಆಹಾರ ಇಲಾಖೆಯ ಕಚೇರಿಗೆ, ಪಿಂಚಣಿಗೆ ನಾಡಕಚೇರಿಗೆ ಹೋಗಿ. ‘ಐಟಿ–ಜಿಎಸ್‌ಟಿ ಪಟ್ಟಿಯಲ್ಲಿ ನಿಮ್ಮ ಹೆಸರಿದೆ’ ಎಂಬ ಉತ್ತರ ಬಂದರೆ ಮೂರನೇ ಹೆಜ್ಜೆಯಲ್ಲಿ ಹೇಳಿದ ದಾಖಲೆಗಳನ್ನು ಲಗತ್ತಿಸಿ ಲಿಖಿತ ಮನವಿ ಕೊಡಿ. ಬಾಯಿಮಾತಿನ ಉತ್ತರಕ್ಕೆ ತೃಪ್ತರಾಗಬೇಡಿ, ಮನವಿಯ ಪ್ರತಿಗೆ ಸೀಲು ಹಾಕಿಸಿಕೊಳ್ಳಿ.

ಆಗಲೂ ಕೆಲಸವಾಗದಿದ್ದರೆ ಮಾಹಿತಿ ಹಕ್ಕು ಅರ್ಜಿ ಹಾಕಿ. ಶುಲ್ಕ 10 ರೂಪಾಯಿ, ಬಿಪಿಎಲ್ ಕುಟುಂಬಕ್ಕೆ ಅದೂ ಇಲ್ಲ. 30 ದಿನಗಳಲ್ಲಿ ಉತ್ತರ ಬರಬೇಕು. ‘ನನಗೆ ನ್ಯಾಯ ಕೊಡಿ’ ಎಂದು ಬರೆದರೆ ಅದು ಮಾಹಿತಿ ಅಲ್ಲವೆಂದು ತಳ್ಳಿಹಾಕುತ್ತಾರೆ. ಹೀಗೆ ಕೇಳಿ: ನನ್ನ ಹೆಸರನ್ನು ಯಾವ ದಿನಾಂಕದಂದು, ಯಾವ ಆದೇಶದ ಮೇಲೆ ಕೈಬಿಡಲಾಯಿತು? ಯಾವ ಇಲಾಖೆಯ ಯಾವ ದಾಖಲೆ ಆಧಾರ? ಆ ದಾಖಲೆಯ ಪ್ರತಿ ಕೊಡಿ. ಕೈಬಿಡುವ ಮುನ್ನ ನನಗೆ ಕಳಿಸಿದ ನೋಟಿಸಿನ ಪ್ರತಿ ಕೊಡಿ.

ಈ ಕೊನೆಯ ಪ್ರಶ್ನೆಯನ್ನು ಬಿಡಲೇಬೇಡಿ. ವಿಚಾರಿಸದೆ ಹೆಸರು ಹೊಡೆದುಹಾಕುವುದು ಸಹಜ ನ್ಯಾಯಕ್ಕೆ ವಿರುದ್ಧ. ನೋಟಿಸು ಕಳಿಸಿಲ್ಲ ಎಂಬ ಉತ್ತರ ಬಂದರೆ, ಹೆಸರು ಕೈಬಿಟ್ಟದ್ದರ ವಿರುದ್ಧದ ಮೇಲ್ಮನವಿಯ ಮೊದಲ ಸಾಲಿನಲ್ಲೇ ಅದನ್ನು ಬರೆಯಿರಿ.