ಹೆಸರಿಲ್ಲದ ದಾನ

ಆಯ್ದಕ್ಕಿ ಲಕ್ಕಮ್ಮನ ಕಥೆಯನ್ನರಿಯದ ಶರಣಗೃಹಸ್ಥರು ವಿರಳ. ಪತಿ ಮಾರಯ್ಯನು ನಿತ್ಯಕ್ಕಿಂತ ಅಧಿಕವಾಗಿ ಅಕ್ಕಿಯನ್ನು ಆಯ್ದು ತಂದಾಗ ಆ ಸಾಧ್ವಿಯು ಹರ್ಷಪಡಲಿಲ್ಲ. ಹೆಚ್ಚಿನದನ್ನು ಇದ್ದಲ್ಲಿಯೇ ಸುರಿದು ಬರುವಂತೆ ಅವನನ್ನು ಹಿಂದಕ್ಕೆ ಕಳುಹಿಸಿದಳು. ಮನೆಯೊಳಗೆ ಬಂದ ಪದಾರ್ಥವು ಎಲ್ಲಿಂದ, ಯಾವ ನಿಮಿತ್ತವಾಗಿ ಬಂದಿತೆಂಬ ವಿಚಾರವೇ ಕಾಯಕಶುದ್ಧಿಯ ಮೊದಲ ಪಾಠವು.

ಇದೇ ಪ್ರಶ್ನೆಯನ್ನು ರಾಜಕೀಯ ಪಕ್ಷಗಳ ಮುಂದಿಟ್ಟರೆ ದೊರೆಯುವ ಉತ್ತರವು ವಿಚಿತ್ರವಾಗಿದೆ. 2019ರ ಏಪ್ರಿಲ್ 3ರಂದು ಪಾಟ್ನಾದಲ್ಲಿರುವ ತನ್ನ ಕಚೇರಿಗೆ ಯಾರೋ ಬಂದು ಮುಚ್ಚಿದ ಲಕೋಟೆಯನ್ನು ಕೊಟ್ಟು ಹೋದರೆಂದೂ, ಒಡೆದು ನೋಡಲು ಅದರೊಳಗೆ ತಲಾ ಒಂದು ಕೋಟಿ ರೂಪಾಯಿಯ 10 ಚುನಾವಣಾ ಬಾಂಡುಗಳಿದ್ದವೆಂದೂ, ಕೊಟ್ಟವರಾರೆಂಬುದು ತಿಳಿಯದೆಂದೂ ಸಂಯುಕ್ತ ಜನತಾದಳವು ಚುನಾವಣಾ ಆಯೋಗಕ್ಕೆ ಬರೆದು ತಿಳಿಸಿತು. ಹತ್ತು ಕೋಟಿ ರೂಪಾಯಿ ಮನೆ ಬಾಗಿಲಿಗೆ ಬಂದರೂ ತಂದವನ ಹೆಸರನ್ನು ಕೇಳುವ ಕುತೂಹಲ ಆ ಮನೆಯಲ್ಲಿ ಯಾರಿಗೂ ಹುಟ್ಟಲಿಲ್ಲ! ಬಡವನು ಮಠದ ದಾಸೋಹಕ್ಕೆ ಒಂದು ಚೀಲ ಜೋಳವನ್ನು ತಂದರೂ ಅವನ ಹೆಸರು, ಊರುಗಳನ್ನು ಪುಸ್ತಕದಲ್ಲಿ ಬರೆದುಕೊಳ್ಳುವುದು ಲೋಕರೂಢಿ. ಗುಡಿಗೆ ಒಂದು ಬೀಸಣಿಗೆ ಪಂಖವನ್ನು ಕೊಟ್ಟವರು ಅದರ ಮೂರು ರೆಕ್ಕೆಗಳ ಮೇಲೂ ತಮ್ಮ ಹೆಸರನ್ನು ಬರೆಯಿಸುವುದುಂಟು. ಅಂಥ ಲೋಕದಲ್ಲಿ ಕೋಟಿಗಟ್ಟಲೆ ಕೊಟ್ಟವನು ಹೆಸರನ್ನು ಅಡಗಿಸಿದನೆಂದರೆ ಅದು ವೈರಾಗ್ಯವೋ ವ್ಯಾಪಾರವೋ ಎಂಬುದನ್ನು ವಾಚಕರೇ ಊಹಿಸಬಹುದು.

ವರ್ತಕರಿಗೂ ಆಳುವವರಿಗೂ ಇರುವ ಈ ನಂಟು ಹೊಸದಲ್ಲ. ಕಂಪನಿಗಳು ಪಕ್ಷಗಳಿಗೆ ಹಣ ಕೊಡುವುದನ್ನು 1969ರಲ್ಲಿ ಕಾನೂನಿನಿಂದ ನಿಷೇಧಿಸಲಾಯಿತು. 1985ರಲ್ಲಿ ಮಿತಿಯನ್ನು ವಿಧಿಸಿ ಮರಳಿ ಅನುಮತಿಸಲಾಯಿತು. 2013ರ ಕಂಪನಿ ಕಾಯಿದೆಯ ಮೇರೆಗೆ ಆ ಮಿತಿಯು ಹಿಂದಿನ ಮೂರು ವರ್ಷಗಳ ಸರಾಸರಿ ನಿವ್ವಳ ಲಾಭದಲ್ಲಿ ಶೇಕಡಾ 7.5 ಆಗಿದ್ದಿತು. 2017ರ ಆಯವ್ಯಯದ ಕಾಲದಲ್ಲಿ, ಚುನಾವಣೆಯ ಹಣವನ್ನು ನಿರ್ಮಲಗೊಳಿಸಿ ಪಾರದರ್ಶಕತೆಯನ್ನು ತರುವೆವೆಂಬ ಘೋಷಣೆಯೊಂದಿಗೆ ಚುನಾವಣಾ ಬಾಂಡಿನ ಪ್ರಸ್ತಾಪವು ಬಂದಿತು. ಅದೇ ವರ್ಷ ಮೇಲಿನ ಮಿತಿಯನ್ನು ತೆಗೆದುಹಾಕಲಾಯಿತು. ಯಾವ ಪಕ್ಷಕ್ಕೆ ಕೊಟ್ಟೆನೆಂದು ಕಂಪನಿಯು ತನ್ನ ಲೆಕ್ಕದಲ್ಲಿ ಕಾಣಿಸಬೇಕೆಂಬ ನಿಯಮವೂ ಹೋಯಿತು. ಬಾಂಡಿನಿಂದ ಬಂದ ಹಣದ ವಿವರವನ್ನು ಪಕ್ಷಗಳು ಆಯೋಗಕ್ಕೆ ಕೊಡಬೇಕಾದ ಕಟ್ಟಳೆಯೂ ಹೋಯಿತು. ಬಾಯಲ್ಲಿ ಪಾರದರ್ಶಕತೆ, ಕೈಯಲ್ಲಿ ಪರದೆ! ರಿಸರ್ವ್ ಬ್ಯಾಂಕೂ ಚುನಾವಣಾ ಆಯೋಗವೂ ಆಗಲೇ ಆಕ್ಷೇಪಿಸಿದ್ದವು. ಆದರೂ 2018ರ ಜನವರಿಯಲ್ಲಿ ಯೋಜನೆಯು ಜಾರಿಗೆ ಬಂದಿತು. ಸಾವಿರ ರೂಪಾಯಿಯಿಂದ ಒಂದು ಕೋಟಿಯವರೆಗಿನ ಬಾಂಡುಗಳನ್ನು ಸ್ಟೇಟ್ ಬ್ಯಾಂಕಿನಲ್ಲಿ ಕೊಂಡು, 15 ದಿನಗಳೊಳಗೆ ಪಕ್ಷವು ನಗದು ಮಾಡಿಕೊಳ್ಳಬೇಕೆಂಬುದು ಅದರ ಕ್ರಮ. ಕೊಂಡವನ ಗುರುತು ಬ್ಯಾಂಕಿಗೆ ಗೊತ್ತು. ಕೊಟ್ಟವನ ಗುರುತು ಪಡೆದ ನಾಯಕನಿಗೆ ಗೊತ್ತಾಗದೆ ಉಳಿಯುವುದು ದುಸ್ತರ. ಗೊತ್ತಿಲ್ಲದೆ ಉಳಿದವನು ಮತ ಹಾಕುವ ಪ್ರಜೆಯೊಬ್ಬನೇ.

ದಾನಕ್ಕೂ ದಾಸೋಹಕ್ಕೂ ಇರುವ ಅಂತರವನ್ನು ಇಲ್ಲಿ ನೆನೆಯಬೇಕು. ದಾಸೋಹವು ಪ್ರತಿಫಲವನ್ನು ಬೇಡದು. ದಾನಿಯಾದರೋ ಕೀರ್ತಿಯನ್ನಾದರೂ ಬಯಸುವನು. ಕೀರ್ತಿಯನ್ನೂ ಬಯಸದೆ, ಭಕ್ತಿಯೂ ಇಲ್ಲದೆ, ಲಾಭಕ್ಕಾಗಿಯೇ ಸ್ಥಾಪಿತವಾದ ಸಂಸ್ಥೆಯೊಂದು ಕೊಡುವುದಾದರೆ ಆ ಕೊಡುಗೆಗೆ ಮೂರನೆಯ ಹೆಸರೊಂದನ್ನು ಹುಡುಕಬೇಕಾಗುವುದು. ಸರ್ವೋಚ್ಚ ನ್ಯಾಯಾಲಯದ ಐವರು ನ್ಯಾಯಾಧೀಶರು 2024ರ ಫೆಬ್ರವರಿ 15ರಂದು ಏಕಮತದಿಂದ ಈ ಯೋಜನೆಯನ್ನು ರದ್ದುಗೊಳಿಸಿದಾಗ, ಕೊಡುಕೊಳ್ಳುವ ಒಪ್ಪಂದದ ಈ ಸಂಭವವನ್ನೇ ಎತ್ತಿ ತೋರಿಸಿದರು. ಮತದಾರನ ಅರಿಯುವ ಹಕ್ಕಿಗೆ ಭಂಗ ಬಂದಿತೆಂದರು.

ಬ್ಯಾಂಕು ವಿವರ ಕೊಡಲು ಜೂನ್ 30ರವರೆಗೆ ಅವಧಿಯನ್ನು ಬೇಡಿತು. ನ್ಯಾಯಾಲಯವು ಒಪ್ಪದೆ ಮರುದಿನವೇ ಕೊಡಬೇಕೆಂದಿತು. ಅಷ್ಟು ಕಾಲ ಬೇಕೆಂದಿದ್ದ ಲೆಕ್ಕವು ಒಂದು ದಿನದಲ್ಲಿ ಸಿದ್ಧವಾಯಿತು! 2019ರ ಏಪ್ರಿಲ್‌ನಿಂದ ಮಾರಾಟವಾದ ಬಾಂಡುಗಳು 22,217. ಎಲ್ಲರಿಗಿಂತ ಹೆಚ್ಚು, ಸುಮಾರು 1,368 ಕೋಟಿ ರೂಪಾಯಿಯ ಬಾಂಡುಗಳನ್ನು ಕೊಂಡದ್ದು ಲಾಟರಿಯ ವ್ಯವಹಾರದ ಕಂಪನಿ. ಪಡೆದವರಲ್ಲಿ ಕೇಂದ್ರದಲ್ಲಿ ಆಳುವ ಭಾರತೀಯ ಜನತಾ ಪಕ್ಷಕ್ಕೆ ಸಿಂಹಪಾಲು, ಸುಮಾರು 6,060 ಕೋಟಿ. ಯೋಜನೆಯನ್ನು ನಿಂದಿಸುತ್ತಿದ್ದ ಕಾಂಗ್ರೆಸ್ಸಿಗೂ ಸುಮಾರು 1,420 ಕೋಟಿ ಸಂದಿದ್ದಿತು. ಬಂಗಾಳದ ತೃಣಮೂಲಕ್ಕೆ ಅದಕ್ಕಿಂತಲೂ ಅಧಿಕ. ನಿಂದೆಯನ್ನು ವೇದಿಕೆಗೆ ಬಿಟ್ಟು ಹಣವನ್ನು ಖಾತೆಗೆ ಬಿಟ್ಟುಕೊಂಡವರೇ ಬಹುಮಂದಿ. ಬಾಂಡನ್ನು ಒಲ್ಲೆನೆಂದು ನ್ಯಾಯಾಲಯಕ್ಕೆ ಹೋದ ಮಾರ್ಕ್ಸ್‌ವಾದಿ ಕಮ್ಯೂನಿಸ್ಟ್ ಪಕ್ಷದಂಥವು ಕೆಲವೇ. ದ್ರಾವಿಡ ಮುನ್ನೇತ್ರ ಕಳಗಂ, ಕರ್ನಾಟಕದ ಜಾತ್ಯತೀತ ಜನತಾದಳ ಮೊದಲಾದವು ಕೊಟ್ಟವರ ಹೆಸರನ್ನು ಆಯೋಗಕ್ಕೆ ತಿಳಿಸಿದ್ದವೆಂಬುದನ್ನೂ ಹೇಳಬೇಕು.

ಸರ್ಕಾರದ ಗುತ್ತಿಗೆಗಳನ್ನು ಪಡೆದ ಕಂಪನಿಗಳೂ, ತನಿಖೆಗೆ ಗುರಿಯಾದ ಕಂಪನಿಗಳೂ ಆ ಪಟ್ಟಿಯಲ್ಲಿ ಕಂಡುಬಂದವು. ಕಾಲಸಾಮೀಪ್ಯವೊಂದೇ ಅಪರಾಧಕ್ಕೆ ಸಾಕ್ಷಿಯಾಗದೆಂಬುದು ನಿಜ. ವಿಶೇಷ ತಂಡದಿಂದ ತನಿಖೆಯಾಗಬೇಕೆಂಬ ಬೇಡಿಕೆಯನ್ನು ಸರ್ವೋಚ್ಚ ನ್ಯಾಯಾಲಯವು 2024ರ ಆಗಸ್ಟ್ 2ರಂದು ತಳ್ಳಿಹಾಕಿ, ಸಾಮಾನ್ಯ ಕಾನೂನಿನ ದಾರಿಯು ತೆರೆದಿದೆಯೆಂದಿತು. ಪಕ್ಷಗಳು ಪಡೆದ ಹಣವು ಪಕ್ಷಗಳಲ್ಲಿಯೇ ಉಳಿಯಿತು.