ಕಾಯಿಗೆ ಕೇಳಿದರೆ ಎರಡು, ಕಾಳಿಗೆ ಕೇಳಿದರೆ ಎರಡೂವರೆ

ಪ್ರಶ್ನೆ: ನಾನು ಸಾಗರ ತಾಲ್ಲೂಕಿನ ಹಳ್ಳಿಯೊಂದರ ಸರ್ಕಾರಿ ಪ್ರೌಢಶಾಲೆಯಲ್ಲಿ ಗಣಿತ ಶಿಕ್ಷಕಿ. ಹತ್ತನೇ ತರಗತಿಯ ಸಂಖ್ಯಾಶಾಸ್ತ್ರ ನನ್ನ ಮಕ್ಕಳಿಗೆ ಅಂಕ ತರುವ ಪಾಠ. ವರ್ಗಾಂತರದ ಕೋಷ್ಟಕ ಕೊಟ್ಟರೆ ಸಾಕು, ಸರಾಸರಿ, ಮಧ್ಯಾಂಕ, ಬಹುಲಕ ಮೂರನ್ನೂ ಕಣ್ಣು ಮುಚ್ಚಿ ತೆಗೆಯುತ್ತಾರೆ. ಮೊನ್ನೆ ಒಬ್ಬ ಹುಡುಗನಿಗೆ, ‘ಸರಾಸರಿ 62.5 ಬಂತಲ್ಲ, ಹಾಗಂದ್ರೇನೋ?’ ಅಂದೆ. ‘ಉತ್ತರ, ಟೀಚರ್’ ಅಂದ. ಇಡೀ ತರಗತಿಯಲ್ಲಿ ಅದಕ್ಕಿಂತ ಹೆಚ್ಚಿನದು ಹೊರಡಲಿಲ್ಲ. ತರಬೇತಿಗೆ ಹೋದರೆ ‘ನಿತ್ಯಜೀವನದ ದತ್ತಾಂಶ ಬಳಸಿ’ ಎನ್ನುತ್ತಾರೆ. ಮಕ್ಕಳ ಎತ್ತರ, ತೂಕ ಬರೆಸಿದೆ, ಒಬ್ಬಳು ಅತ್ತುಬಿಟ್ಟಳು. ಕಂಪ್ಯೂಟರ್ ಕೆಟ್ಟು ಕೂತಿದೆ, ಪೋರ್ಷನ್ ಮುಗಿಸುವ ಒತ್ತಡ ಬೇರೆ. ಏನು ಮಾಡಲಿ?

ಉತ್ತರ: ಆ ಹುಡುಗ ಹೇಳಿದ್ದು ನಿಜವೇ ಅಲ್ಲವೇ? ಪುಸ್ತಕದ ಕೋಷ್ಟಕ ಅವನ ಮುಂದೆ ಬರುವ ಹೊತ್ತಿಗೆ ಯಾರನ್ನು ಎಣಿಸಬೇಕು, ಯಾರನ್ನು ಬಿಡಬೇಕು, ಯಾವುದನ್ನು ‘ಒಂದು’ ಎಂದು ಹಿಡಿಯಬೇಕು ಎಂಬುದನ್ನೆಲ್ಲ ಇನ್ಯಾರೋ ತೀರ್ಮಾನಿಸಿ ಮುಗಿಸಿರುತ್ತಾರೆ. ಅವನ ಪಾಲಿಗೆ ಉಳಿಯುವುದು ಕೂಡಿಸುವುದು, ಭಾಗಿಸುವುದು. ಆ ತೀರ್ಮಾನಗಳನ್ನು ಮಕ್ಕಳೇ ಮಾಡುವಂತಾಗಬೇಕು. ಸೂತ್ರಕ್ಕೆ ಮೊದಲು ಒಂದು ಜಗಳ ಆಗಲಿ.

ತೂಕದ ತಂಟೆಗೆ ಮಾತ್ರ ಇನ್ನು ಹೋಗಬೇಡಿ. ಮಕ್ಕಳ ಮೈ, ಮಾರ್ಕ್ಸು, ಜಾತಿ, ಅಪ್ಪನ ಆದಾಯ ಇವು ಬೋರ್ಡಿನ ಮೇಲೆ ಬರೆಯುವ ಸಂಗತಿಗಳಲ್ಲ, ತರಬೇತಿಯ ಕೈಪಿಡಿ ಏನೇ ಹೇಳಲಿ.

ಶುರುವಿಗೆ ಅರ್ಧ ಕೆ.ಜಿ. ಶೇಂಗಾಕಾಯಿ ಸಾಕು. ಒಬ್ಬೊಬ್ಬರಿಗೆ ಒಂದು ಹಿಡಿ ಕೊಟ್ಟು, ಪ್ರತಿ ಕಾಯಲ್ಲಿ ಎಷ್ಟು ಕಾಳಿದೆ ಎಂದು ಬರೆಯಲು ಹೇಳಿ. ಐದು ನಿಮಿಷದಲ್ಲಿ ಒಂದು ಕೈ ಮೇಲೇಳುತ್ತದೆ: ‘ಟೀಚರ್, ಜೊಳ್ಳು ಕಾಯಿ ಲೆಕ್ಕಕ್ಕುಂಟಾ?’ ನೀವು ಉತ್ತರಿಸಬೇಡಿ, ತರಗತಿಯನ್ನೇ ಕೇಳಿ. ಸೊನ್ನೆಯನ್ನು ಬಿಟ್ಟರೆ ಸರಾಸರಿ ಏರುತ್ತದೆ, ಸೇರಿಸಿದರೆ ಇಳಿಯುತ್ತದೆ. ಬಿತ್ತಿದ ರೈತನಿಗೆ ಜೊಳ್ಳೂ ಲೆಕ್ಕವೇ, ಸುಲಿದು ತಿನ್ನುವವನಿಗೆ ಅಲ್ಲ.

ಆಮೇಲೆ ಎರಡು ಕಾಯಿ ಎತ್ತಿಡಿ, ಒಂದರಲ್ಲಿ ಒಂದೇ ಕಾಳು, ಇನ್ನೊಂದರಲ್ಲಿ ಮೂರು. ಕಾಯಿಯನ್ನು ಕೇಳಿದರೆ ಸರಾಸರಿ ಎರಡು. ಈಗ ಸುಲಿದು ಒಂದೊಂದು ಕಾಳನ್ನೂ ಕೇಳಿ: ‘ನಿನ್ನ ಮನೆಯಲ್ಲಿ ಎಷ್ಟು ಜನ?’ ಒಂಟಿ ಕಾಳು ‘ಒಂದು’ ಎನ್ನುತ್ತದೆ, ಉಳಿದ ಮೂರೂ ‘ಮೂರು’ ಎನ್ನುತ್ತವೆ. 1, 3, 3, 3. ಸರಾಸರಿ ಎರಡೂವರೆ! ಕಾಯಿ ಅವೇ, ಕಾಳು ಅವೇ. ಇಷ್ಟಾದ ಮೇಲೆ ತರಗತಿಯ ಮಕ್ಕಳನ್ನು ‘ನಿಮ್ಮ ಮನೆಯಲ್ಲಿ ಮಕ್ಕಳೆಷ್ಟು?’ ಎಂದು ಕೇಳಿ ಊರಿನ ಸರಾಸರಿ ತೆಗೆದರೆ ಎಲ್ಲಿ ತಪ್ಪುತ್ತದೆ ಎಂದು ಅವರೇ ಹೇಳುತ್ತಾರೆ. ಮಕ್ಕಳಿಲ್ಲದ ಮನೆ ಜೊಳ್ಳು ಕಾಯಿಯ ಹಾಗೆ ಉತ್ತರಿಸಲು ಬರುವುದೇ ಇಲ್ಲ, ಹೆಚ್ಚು ಮಕ್ಕಳಿರುವ ಮನೆ ಹೆಚ್ಚು ಸಲ ಉತ್ತರಿಸುತ್ತದೆ. ಕಾಲೇಜಿನಲ್ಲಿ ಓದಿದವರೂ ಎಡವುವ ಜಾಗ ಇದು.

ಎರಡನೆಯದು ಮೆಸ್ಕಾಂನ ಕರೆಂಟ್ ಬಿಲ್ಲು. ನನ್ನ ಮಟ್ಟಿಗೆ ಸರಾಸರಿ ಕಲಿಸಲು ಗೃಹಜ್ಯೋತಿಗಿಂತ ಒಳ್ಳೆಯ ಪಾಠ ಸದ್ಯಕ್ಕೆ ಇಲ್ಲ, ಏಕೆಂದರೆ ಇಲ್ಲಿ ಸರಾಸರಿ ಮನೆಯ ದುಡ್ಡು ಉಳಿಸುತ್ತದೆ ಅಥವಾ ಖರ್ಚು ಮಾಡಿಸುತ್ತದೆ. 2023ರಲ್ಲಿ ಯೋಜನೆ ಬಂದಾಗಿನ ನಿಯಮ ನೆನಪಿರಬೇಕು: 2022–23ರಲ್ಲಿ ಆ ಮನೆಯ ತಿಂಗಳ ಸರಾಸರಿ ಬಳಕೆ, ಅದರ ಮೇಲೆ ಶೇ 10, ಒಟ್ಟು 200 ಯೂನಿಟ್ ಮೀರದಂತೆ ಉಚಿತ. ಸರಾಸರಿ 20 ಯೂನಿಟ್ ಇದ್ದ ಮನೆಗೆ ಹೆಚ್ಚುವರಿ ಸಿಕ್ಕಿದ್ದು ಎರಡೇ ಯೂನಿಟ್, 150 ಇದ್ದ ಮನೆಗೆ ಹದಿನೈದು. ಇದು ಸರಿಯೇ ಎಂದು ಕೇಳಿ, ತರಗತಿ ಎರಡಾಗುತ್ತದೆ. 2024ರ ಜನವರಿಯಲ್ಲಿ ಸಚಿವ ಸಂಪುಟ, 48 ಯೂನಿಟ್‌ಗಿಂತ ಕಡಿಮೆ ಬಳಸುವ ಮನೆಗಳಿಗೆ ಶೇ 10ರ ಬದಲು ನೇರವಾಗಿ 10 ಯೂನಿಟ್ ಹೆಚ್ಚು ಕೊಡುವ ತೀರ್ಮಾನ ಮಾಡಿತು. ಮಕ್ಕಳು ಲೆಕ್ಕ ಹಾಕಲಿ: 47 ಯೂನಿಟ್‌ನ ಮನೆಗೆ 57, 50ರ ಮನೆಗೆ 55. ಕಡಿಮೆ ಬಳಸಿದವರಿಗೆ ಹೆಚ್ಚು! ಇದನ್ನು ಯಾರೋ ಒಬ್ಬಳು ತಾನಾಗಿ ಕಂಡುಹಿಡಿಯುವ ತನಕ ನೀವು ಬಾಯಿ ಬಿಡಬಾರದು.

ಬೀಗ ಹಾಕಿದ ಮನೆಯ ಕತೆಯನ್ನೂ ಹೇಳಿ. ಒಬ್ಬ ಅಜ್ಜಿ 2022–23ರಲ್ಲಿ ನಾಲ್ಕು ತಿಂಗಳು ಬೆಂಗಳೂರಿನ ಮಗನ ಮನೆಯಲ್ಲಿದ್ದಳು ಅನ್ನಿ. ಉಳಿದ ಎಂಟು ತಿಂಗಳು ತಲಾ 60 ಯೂನಿಟ್, ಒಟ್ಟು 480. ಹನ್ನೆರಡರಿಂದ ಭಾಗಿಸಿದರೆ 40, ಎಂಟರಿಂದ ಭಾಗಿಸಿದರೆ 60. ಅಜ್ಜಿಯ ಬಳಕೆ ಎಷ್ಟು ಎನ್ನಬೇಕು? ಹಾಗೇ, ಆ ವರ್ಷ ಇಲ್ಲದೇ ಇದ್ದ ಹೊಸ ಮನೆಗೆ ಯಾವ ಸರಾಸರಿ? ಅಂಥವರಿಗೆ ರಾಜ್ಯದ ಸರಾಸರಿ 53 ಯೂನಿಟ್ಟನ್ನೇ ಹಿಡಿದು ಲೆಕ್ಕ ಮಾಡಿದರು. ಬಿಲ್ ತರುವಾಗ ಹೆಸರು, ಆರ್.ಆರ್. ನಂಬರ್ ಬೇಡ, ಯೂನಿಟ್ ಮಾತ್ರ ಚೀಟಿಯಲ್ಲಿ ಬರೆದು, ಮಡಚಿ, ಡಬ್ಬಿಗೆ ಹಾಕಲಿ.

ಮೂರನೆಯದು ಅಡಿಕೆ. ಅದರ ವಿಷಯದಲ್ಲಿ ನಿಮಗಿಂತ ನಿಮ್ಮ ಮಕ್ಕಳಿಗೇ ಹೆಚ್ಚು ಗೊತ್ತಿರುತ್ತದೆ, ಅದು ಒಳ್ಳೆಯದೇ. ಮಾರುಕಟ್ಟೆ ಧಾರಣೆಯಲ್ಲಿ ಕನಿಷ್ಠ, ಗರಿಷ್ಠ, ಮಾದರಿ ಎಂದು ಮೂರು ಅಂಕಿ ಇರುತ್ತವೆ. ಈ ಮಾದರಿ ಬೆಲೆ ನೀವು ಕಲಿಸುವ ಬಹುಲಕವೇ. ಹೆಚ್ಚು ಮಾಲು ಯಾವ ದರದ ಆಸುಪಾಸಿನಲ್ಲಿ ಹೋಯಿತೋ ಅದು. ಗರಿಷ್ಠ ಬೆಲೆ ಯಾರದೋ ಒಂದು ಚೆಂದದ ಲಾಟಿಗೆ ಸಿಕ್ಕಿರಬಹುದು, ಕನಿಷ್ಠವು ಬೂಸಲು ಹಿಡಿದ ಮಾಲಿನದಿರಬಹುದು. ಅವೆರಡನ್ನು ಕೂಡಿಸಿ ಎರಡರಿಂದ ಭಾಗಿಸಿದ ದರಕ್ಕೆ ಒಂದು ಚೀಲವೂ ಮಾರಿರಲಿಕ್ಕಿಲ್ಲ. ಇನ್ನು ರಾಶಿ, ಚಾಲಿ, ಕೆಂಪುಗೋಟು, ಸಿಪ್ಪೆಗೋಟು ಎಲ್ಲದರ ದರ ಬೆರೆಸಿ ‘ಅಡಿಕೆಯ ಸರಾಸರಿ’ ತೆಗೆದು ತೋರಿಸಿ ನೋಡಿ, ಹಿಂದಿನ ಬೆಂಚಿನವರೇ ಮೊದಲು ನಗುತ್ತಾರೆ. ಆ ನಗುವಿನ ಕಾರಣವನ್ನು ಅವರಿಂದಲೇ ಒಂದು ವಾಕ್ಯದಲ್ಲಿ ಬರೆಸಿ.

ಮಳೆಗಾಲವಾದರೆ ಮಳೆಯೂ ಇದೆ. ಹವಾಮಾನ ಇಲಾಖೆ ದಿನಕ್ಕೆ 2.5 ಮಿ.ಮೀ. ಆದರೂ ಬಿದ್ದರಷ್ಟೇ ಅದನ್ನು ಮಳೆಯ ದಿನ ಎನ್ನುತ್ತದೆ; ಮಲೆನಾಡಿನ ಜಿಟಿಜಿಟಿಗೆ ಅಲ್ಲಿ ಲೆಕ್ಕವಿಲ್ಲ. ಪತ್ರಿಕೆಯಲ್ಲಿ ಬರುವ ‘ವಾಡಿಕೆ ಮಳೆ’ ಎಲ್ಲಿಂದ ಬಂತು, ಎಷ್ಟು ವರ್ಷದ ಸರಾಸರಿ ಎಂದು ಹುಡುಕಲು ಹೇಳಬಹುದು. ಈಗ ಬಳಸುವುದು 1971ರಿಂದ 2020ರವರೆಗಿನ ಐವತ್ತು ವರ್ಷದ್ದು.

ಪೋರ್ಷನ್ನಿನ ಚಿಂತೆ ಅಷ್ಟು ಬೇಡ. ಡಬ್ಬಿಯ ಚೀಟಿಗಳನ್ನೇ ವರ್ಗಾಂತರಕ್ಕೆ ಹಾಕಿಸಿ. ಒಂದು ಗುಂಪು 0–50, 50–100 ಎಂದು, ಇನ್ನೊಂದು 0–20, 20–40 ಎಂದು. ಮೊದಲ ಗುಂಪಿನಲ್ಲಿ 12, 21, 47 ಎಲ್ಲವೂ ಮಧ್ಯಬಿಂದು 25 ಆಗಿಬಿಡುತ್ತವೆ. ಎರಡೂ ಸರಾಸರಿಯನ್ನು ಚೀಟಿಗಳ ನಿಜವಾದ ಸರಾಸರಿಯ ಪಕ್ಕ ಇಟ್ಟರೆ ಪುಸ್ತಕದ ಸೂತ್ರ ಎಲ್ಲಿ ಅಂದಾಜು ಮಾಡುತ್ತದೆ ಎಂಬುದು ಕಣ್ಣಿಗೆ ಬೀಳುತ್ತದೆ. ಪುಸ್ತಕದ ನಾಲ್ಕು ಲೆಕ್ಕ ಕಡಿಮೆ ಮಾಡಿ ಇದನ್ನು ಮಾಡಿಸಿದರೆ ಪರೀಕ್ಷೆಗೆ ನಷ್ಟವಿಲ್ಲ.

ಮುಖ್ಯ ಶಿಕ್ಷಕರನ್ನು ಒಪ್ಪಿಸಲು ಒಂದು ದಿನಾಚರಣೆ ಇದ್ದರೆ ಸುಲಭ, ನಮ್ಮ ಶಾಲೆಗಳ ಸ್ವಭಾವವೇ ಹಾಗೆ. ಜೂನ್ 29 ಪಿ.ಸಿ. ಮಹಾಲನೋಬಿಸ್ ಹುಟ್ಟಿದ ದಿನ, 2007ರಿಂದ ಅದು ರಾಷ್ಟ್ರೀಯ ಸಂಖ್ಯಾಶಾಸ್ತ್ರ ದಿನ. ಭಾಷಣ ಬೇಕೆಂದು ಹಟ ಹಿಡಿದರೆ ಹೂವಿನಹಡಗಲಿಯಲ್ಲಿ 1920ರಲ್ಲಿ ಹುಟ್ಟಿ ಜಗತ್ತಿನ ದೊಡ್ಡ ಸಂಖ್ಯಾಶಾಸ್ತ್ರಜ್ಞರ ಸಾಲಿಗೆ ಸೇರಿದ ಸಿ.ಆರ್. ರಾವ್ ಬಗ್ಗೆ ಒಬ್ಬ ಹುಡುಗಿ ಐದು ನಿಮಿಷ ಮಾತಾಡಲಿ. ಉಳಿದ ಹೊತ್ತು ಮಕ್ಕಳ ಚಾರ್ಟುಗಳಿಗೆ.

ಮಕ್ಕಳು ಕೇಳುವ ಎಲ್ಲದಕ್ಕೂ ನಿಮ್ಮಲ್ಲಿ ಉತ್ತರ ಇರಬೇಕಿಲ್ಲ. ನಿಮ್ಮೂರಿಗೆ ಮೀಟರ್ ರೀಡರ್ ಯಾವ ದಿನ ಬರುತ್ತಾರೆ ಎಂದು ವಿಚಾರಿಸಿ, ಅಂದು ಅರ್ಧ ಗಂಟೆ ತರಗತಿಗೆ ಕರೆಯಿರಿ. ಬೀಗ ಹಾಕಿದ ಮನೆಯ ರೀಡಿಂಗ್ ಏನು ಬರೆಯುತ್ತೀರಿ ಎಂಬ ಮೊದಲ ಪ್ರಶ್ನೆಯನ್ನು ಆ ‘ಉತ್ತರ, ಟೀಚರ್’ ಹುಡುಗನೇ ಕೇಳಲಿ.